ಏಳನೇ ನಂಬರಿನ ಬಿಲ್ಲೆ

ಮಳೆಗಾಲದಲ್ಲಿ ಬೆಳಗ್ಗೆ ಎದ್ದ ಕೂಡಲೆ ಕೆಳಗಿಳಿದು ಹೋಗಿ ಮೂರನೇ ಮೆಟ್ಟಿಲು ನೋಡಿಕೊಂಡು ಬರುವುದು ನನ್ನ ಕೆಲಸವಾಗಿತ್ತು. ಮಾಟುಂಗದಲ್ಲಿ ನಾವಿದ್ದ ಚಾಳಿನ ಮರದ ಏಣಿಮೆಟ್ಟಿಲಲ್ಲಿ, ಕೆಳಗಿನಿಂದ ಎಣಿಸಿದರೆ ಮೂರನೆಯದರ ಸಮಕ್ಕೆ, ಅಮ್ಮ ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದಳು. ಗಲ್ಲಿಯ ನೀರು ಆ ಗೆರೆಯ ಕೆಳಗಿದ್ದರೆ ಆ ದಿನ ಮಕ್ಕಳು ಬರಬಹುದು. ಗೆರೆ ಮುಟ್ಟಿದ್ದರೆ ಬರುವ ಹಾಗಿಲ್ಲ. ಆಗ ಅಮ್ಮ ಅಕ್ಕಿ ಕೇರುವ ಗೆರಸೆಯನ್ನು ಮೊದಲ ಮಹಡಿಯ ಗ್ಯಾಲರಿಯ ಕಂಬಿಗೆ ಬೋರಲಾಗಿ ಕಟ್ಟುತ್ತಿದ್ದಳು. ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬರುವ ತಾಯಂದಿರು ಗಲ್ಲಿಯ ಮೂಲೆಯಲ್ಲೇ ತಲೆಯೆತ್ತಿ ನೋಡಿ, ಗೆರಸೆ ಕಂಡರೆ ಅಲ್ಲಿಂದಲೇ ಹಿಂದೆ ತಿರುಗುತ್ತಿದ್ದರು. ಮೇಲೆ ಬಂದು ಗೋಗರೆಯುವ ರೂಢಿ ಇರಲಿಲ್ಲ. ಗೆರಸೆಯ ಜೊತೆ ಯಾರೂ ವಾದ ಮಾಡುವುದಿಲ್ಲ, ನನ್ನ ಜೊತೆಯಾದರೆ ಮಾಡುತ್ತಾರೆ, ಎಂದು ಅಮ್ಮ ಹೇಳುತ್ತಿದ್ದಳು. ನಾನು ಪ್ರತಿ ಬೆಳಗ್ಗೆ ನೀರು ಗೆರೆ ಮುಟ್ಟಿರಲಿ ಎಂದು ಹಾರೈಸುತ್ತಾ ಇಳಿಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದನ್ನು ಓದುವಾಗ ನಾನು ಯಾವ ಪಕ್ಷದವಳು ಎಂಬುದು ಗೊತ್ತಿರಬೇಕು.

ನಮ್ಮದು ಒಂದೇ ಕೋಣೆ. ಹಿಂದೆ ಮೀಯಲು, ಪಾತ್ರೆ ತೊಳೆಯಲು ಒಂದು ಮೋರಿ, ಮುಂದೆ ಗ್ಯಾಲರಿ. ಬೆಳಗ್ಗೆ ಏಳು ಗಂಟೆಯವರೆಗೆ ಅದು ನಮ್ಮ ಮನೆ. ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿ, ಅಪ್ಪ ಹೋಟೆಲಿಗೆ ಹೊರಟ ಮೇಲೆ ಅದು ನಮ್ಮ ಮನೆಯಾಗಿ ಉಳಿಯುತ್ತಿರಲಿಲ್ಲ. ಅಪ್ಪ ಸ್ಟೇಷನ್ನಿನ ಹತ್ತಿರ ಊರಿನವರೇ ನಡೆಸುತ್ತಿದ್ದ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದ. ಅಮ್ಮ ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಏರಿಸುತ್ತಿದ್ದಳು. ಸೀಮೆಎಣ್ಣೆಯ ಸ್ಟವ್ವನ್ನು ನೆಲದಿಂದ ಎತ್ತಿ ಕಲ್ಲಿನ ಕಟ್ಟೆಗೆ ಇಡುತ್ತಿದ್ದಳು. ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಒಂದು ಹಲಗೆ ಇಳಿಸುತ್ತಿದ್ದಳು, ತೆವಳುವ ಮಕ್ಕಳು ಗ್ಯಾಲರಿಗೆ ಹೋಗದ ಹಾಗೆ. ಆಮೇಲೆ ಒಬ್ಬೊಬ್ಬರಾಗಿ ಬರುತ್ತಿದ್ದರು: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವವರ ಮಗ, ಟೀಚರಮ್ಮನ ಅವಳಿಗಳು, ದವಾಖಾನೆಯ ನರ್ಸ್ ಶಿವಲೀಲಾಬಾಯಿಯ ಮಗಳು ಕಮಲಿ. ಒಟ್ಟು ಏಳು ಮಕ್ಕಳು. ಬಿಸಿಲಿನ ದಿನ ನಾನು ಶಾಲೆಗೆ ಹೋಗುತ್ತಿದ್ದೆ. ಜೋರು ಮಳೆಯ ದಿನ ಅಮ್ಮನಿಗೆ ಒಬ್ಬಳಿಂದ ಆಗುತ್ತಿರಲಿಲ್ಲ, ನಾನು ಉಳಿಯಬೇಕಾಗುತ್ತಿತ್ತು. ಹಾಗಾಗಿ ಮಳೆ ಎಂದರೆ ನನಗೆ ಇಂದಿಗೂ ಮುಚ್ಚಿದ ಬಾಗಿಲು, ಆರದ ಬಟ್ಟೆಯ ವಾಸನೆ, ನನ್ನ ಸ್ಲೇಟನ್ನು ನೆಕ್ಕುತ್ತಿರುವ ಯಾರದೋ ಮಗು. ಗೆರಸೆ ಕಟ್ಟಿದ ದಿನ ಮಾತ್ರ ಆ ಕೋಣೆ ಇಡೀ ದಿನ ನನ್ನದಾಗಿರುತ್ತಿತ್ತು. ಅಂಥ ದಿನ ನಾನು ನಡುಕೋಣೆಯಲ್ಲಿ ಕೈಕಾಲು ಚಾಚಿ ಸುಮ್ಮನೆ ಮಲಗುತ್ತಿದ್ದೆ, ನೆಲವನ್ನು ಪೂರ್ತಿ ನಾನೇ ತುಂಬಬೇಕು ಎನ್ನುವ ಹಾಗೆ.

ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ಅಮ್ಮನದೊಂದು ಪದ್ಧತಿ ಇತ್ತು. ಅದು ಹೋಟೆಲಿನಿಂದ ಬಂದದ್ದು. ಅಪ್ಪನ ಹೋಟೆಲಿನಲ್ಲಿ ಹಿಂದೆ ತಿಂಗಳ ಊಟದವರು ತಮ್ಮ ಟಿಫನ್ ಕ್ಯಾರಿಯರನ್ನು ಬೆಳಗ್ಗೆ ಬಿಟ್ಟು ಹೋಗಿ ಮಧ್ಯಾಹ್ನ ತುಂಬಿಸಿದ್ದನ್ನು ಒಯ್ಯುತ್ತಿದ್ದರು. ಅದಲುಬದಲಾಗಬಾರದೆಂದು ಹಿತ್ತಾಳೆಯ ಬಿಲ್ಲೆಗಳು, ಒಂದೊಂದು ನಂಬರಿಗೆ ಎರಡೆರಡು. ಒಂದನ್ನು ಕ್ಯಾರಿಯರಿನ ಹಿಡಿಗೆ ಕಟ್ಟುವುದು, ಅದರ ಜೋಡಿಯನ್ನು ಗಿರಾಕಿಯ ಕೈಗೆ ಕೊಡುವುದು. ಆ ವ್ಯವಸ್ಥೆ ನಿಂತಾಗ ಅಪ್ಪ ಒಂದರಿಂದ ಹನ್ನೆರಡರವರೆಗಿನ ಜೋಡಿಗಳನ್ನು ಮನೆಗೆ ತಂದ. ಅಮ್ಮ ಒಂದು ಬಿಲ್ಲೆಯನ್ನು ಮಗುವಿನ ಉಡಿದಾರಕ್ಕೆ, ಬಾಯಿಗೆ ಸಿಗದ ಹಾಗೆ ಬೆನ್ನಿನ ಕಡೆಗೆ ಕಟ್ಟುತ್ತಿದ್ದಳು. ಅದಕ್ಕೆ ಅವಳದೇ ಒಂದು ಗಂಟಿತ್ತು, ಎಳೆದರೆ ಬಿಗಿಯಾಗುವ, ತುದಿಯನ್ನು ಒಳಕ್ಕೆ ತುರುಕಿದ ಗಂಟು. ಜೋಡಿ ಬಿಲ್ಲೆ ತಾಯಿಯ ಸೆರಗಿಗೆ. ಸಂಜೆ ಬಿಲ್ಲೆ ತೋರಿಸಿದವರಿಗೆ ಮಗು. ಅಜ್ಜ ಬರಲಿ, ಮಾವ ಬರಲಿ, ಬಿಲ್ಲೆ ಕೈಯಲ್ಲಿರಬೇಕು. ಈ ಮುಂಬಯಿಯಲ್ಲಿ ಮುಖ ನೋಡಿ ಮಗು ಕೊಡ್ಲಿಕ್ಕೆ ಆಗುದಿಲ್ಲ ಎನ್ನುತ್ತಿದ್ದಳು. ಅಪ್ಪನಿಗೆ ಇದು ನಗೆಯ ಮಾತು. ಮಗುವೊಂದು ಜೋರಾಗಿ ಅತ್ತರೆ, "ಮೂರನೇ ನಂಬರಿನ ಸಾಂಬಾರು ಚೆಲ್ಲುತ್ತಾ ಉಂಟು ನೋಡು" ಎನ್ನುತ್ತಿದ್ದ. ಕಮಲಿಯದು ಏಳನೇ ನಂಬರು.

ಕಾಲೇಜು ಸೇರಿದಂದಿನಿಂದ ನಾನು ಡೈರಿ ಬರೆಯುತ್ತಿದ್ದೇನೆ. ನನಗೆ ಹತ್ತು ವರ್ಷವಾಗಿದ್ದಾಗಿನ ಒಂದು ಮಳೆಯ ದಿನದ ಬಗ್ಗೆ ಎರಡು ಬೇರೆ ಬೇರೆ ವರ್ಷಗಳಲ್ಲಿ ಬರೆದಿಟ್ಟದ್ದು ಈಗ ನನ್ನ ಮುಂದಿದೆ, ಎರಡೂ ಒಂದನ್ನೊಂದು ಒಪ್ಪುವುದಿಲ್ಲ. ಒಂದರಲ್ಲಿ ಗಲ್ಲಿಯ ನೀರು ಗಂಡಸಿನ ಸೊಂಟದವರೆಗೆ, ಇನ್ನೊಂದರಲ್ಲಿ ಎದೆಯವರೆಗೆ. ಒಂದರಲ್ಲಿ ಬಿಲ್ಲೆ ಕೊಟ್ಟೆಯಾ ಎಂದು ಅಮ್ಮ ನನ್ನನ್ನು ಕೇಳಿದಳು, ನಾನು ಸುಳ್ಳಾಗಿ ತಲೆಯಾಡಿಸಿದೆ. ಇನ್ನೊಂದರಲ್ಲಿ ಕೇಳಿದ ಮಾತೇ ಇಲ್ಲ. ಎರಡರಲ್ಲೂ ಸಮಾನವಾಗಿರುವುದು ಮುಷ್ಟಿಯೊಳಗಿನ ಹಿತ್ತಾಳೆ ಮಾತ್ರ. ಅಲ್ಲಿಂದ ಶುರುಮಾಡುತ್ತೇನೆ.

ಅಂದು ಬೆಳಗ್ಗೆ ನೀರು ಗೆರೆಗಿಂತ ಒಂದು ಮೆಟ್ಟಿಲು ಕೆಳಗಿತ್ತು. ಎರಡನೇ ಮೆಟ್ಟಿಲು ಅಲೆಯೆದ್ದಾಗ ಮುಳುಗಿ ಮತ್ತೆ ಕಾಣುತ್ತಿತ್ತು. ನಾನು ಇನ್ನೂ ಸ್ವಲ್ಪ ಏರಲಿ ಎಂದು ಅಲ್ಲೇ ಕಾಯುತ್ತಾ ನಿಂತಿದ್ದಾಗ ಶಿವಲೀಲಾಬಾಯಿ ಕೊಡೆ ಹಿಡಿದು ನೀರು ತುಳಿಯುತ್ತಾ ಬಂದಳು. ಯಾವತ್ತೂ ಮೇಲೆ ಬಂದು ಅಮ್ಮನ ಕೈಗೇ ಮಗು ಕೊಡುವವಳು, ಅಂದು ಕಮಲಿಯನ್ನು ಮೆಟ್ಟಿಲಲ್ಲೇ ನನ್ನ ತೋಳಿಗೆ ಹಾಕಿದಳು. ಮಗುವಿನ ಕೆನ್ನೆ ನನ್ನ ಕುತ್ತಿಗೆಗೆ ತಾಗಿದಾಗಲೇ ಬಿಸಿ ಗೊತ್ತಾಯಿತು.

"ಮೈ ಜರಾ ಬೆಚ್ಚಗ ಐತಿ, ಅಷ್ಟ. ನಿಮ್ಮವ್ವಗ ಹೇಳಬ್ಯಾಡ ತಂಗಿ. ಇವತ್ತ ಡ್ಯೂಟಿ ತಪ್ಪಿಸಾಕ ಆಗೂದಿಲ್ಲ."

ಜ್ವರದ ಮಗುವನ್ನು ತೆಗೆದುಕೊಳ್ಳಬಾರದು ಎಂಬುದು ಅಮ್ಮನ ಇನ್ನೊಂದು ನಿಯಮ. ಒಂದಕ್ಕೆ ಬಂದರೆ ಏಳಕ್ಕೂ ಬರುತ್ತದೆ. ಶಿವಲೀಲಾಬಾಯಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಏನೂ ಹೇಳದೆ ಮಗುವನ್ನು ಹೊತ್ತು ಮೇಲೆ ಬಂದೆ. ಒಳಗೆ ಅವಳಿಗಳು ಬಂದಾಗಿತ್ತು, ಅಮ್ಮ ಅವರ ಬಟ್ಟೆ ಬಿಚ್ಚಿ ಒರೆಸುತ್ತಿದ್ದಳು. ನಾನೇ ಬಿಲ್ಲೆ ತೂಗುಹಾಕುವ ಗೋಡೆಯ ಮೊಳೆಯಿಂದ ಏಳನೇ ನಂಬರಿನ ಜೋಡಿಯನ್ನು ತೆಗೆದು, ಒಂದನ್ನು ಕಮಲಿಯ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಗ್ಯಾಲರಿಗೆ ಓಡಿದೆ. ಶಿವಲೀಲಾಬಾಯಿಯ ಕೊಡೆ ಗಲ್ಲಿಯ ಮೂಲೆಯಲ್ಲಿತ್ತು. ಇಲ್ಲಿ ನನ್ನ ನೆನಪು ನಿಂತುಬಿಡುತ್ತದೆ. ನಾನು ಕೂಗಿದೆನೇ? ಕೂಗಿದರೂ ಆ ಮಳೆಯಲ್ಲಿ ಕೇಳಿಸುತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕೂಗಿದವಳ ಗಂಟಲಿಗೆ ಕೂಗಿದ ನೆನಪು ಇರಬೇಕಲ್ಲ. ನನ್ನ ಗಂಟಲಿಗೆ ಅದು ಇಲ್ಲ. ಆ ಬೆಳಗ್ಗೆ ಶಾಲೆ ತಪ್ಪಿದ ಸಿಟ್ಟಿತ್ತು. ನೀರು ಒಂದು ಮೆಟ್ಟಿಲು ಕಡಿಮೆಯಾದ ಸಿಟ್ಟಿತ್ತು. ಬಿಲ್ಲೆ ಇಲ್ಲದೆ ಸಂಜೆ ಪೇಚಾಡಲಿ ಎಂದು ಅಂದುಕೊಂಡೆನೋ ಏನೋ. ಹತ್ತು ವರ್ಷದ ಹುಡುಗಿ ಹಾಗೆ ಅಂದುಕೊಳ್ಳಬಲ್ಲಳು ಎಂಬುದಂತೂ ನನಗೆ ಗೊತ್ತು. ಬಿಲ್ಲೆಯನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು ಒಳಗೆ ಬಂದೆ.

ಹತ್ತು ಗಂಟೆಯ ಹೊತ್ತಿಗೆ ಕೆಂಪು ಗೆರೆ ಮುಳುಗಿತು. ಮಕ್ಕಳು ಬಂದಾದ ಮೇಲೆ ಗೆರೆ ಮುಳುಗಿದರೆ ಏನು ಮಾಡಬೇಕು ಎನ್ನುವುದಕ್ಕೆ ಅಮ್ಮನ ಹತ್ತಿರ ಬೇರೆ ನಿಯಮಗಳಿದ್ದವು. ಗೋಡೆಯೆಲ್ಲ ಒದ್ದೆಯಾಗಿತ್ತು, ಆದ್ದರಿಂದ ದೀಪದ ಸ್ವಿಚ್ಚನ್ನು ಯಾರೂ ಮುಟ್ಟಬಾರದು. ನಲ್ಲಿಯ ನೀರು ಕುದಿಸದೆ ಯಾರಿಗೂ ಇಲ್ಲ. ಗ್ಯಾಲರಿಯ ಮೇಲೆ ಇರಿಚಲು ಹೊಡೆಯುತ್ತಿದ್ದುದರಿಂದ ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಕಿಟಕಿಯ ಒಂದು ಪಡಿಯನ್ನು ಮಾತ್ರ ಗಾಳಿಗಾಗಿ ಎರಡು ಬೆರಳಷ್ಟು ತೆರೆದಿಟ್ಟಳು. ಅರೆಗತ್ತಲೆಯ ಆ ಕೋಣೆಯಲ್ಲಿ ಏಳು ಮಕ್ಕಳು, ನಾನು, ಅಮ್ಮ. ಒಬ್ಬನಿಗೆ ಮೂತ್ರ ಬಂದರೆ ಎಲ್ಲರಿಗೂ ಬರುತ್ತಿತ್ತು. ಟೆಲಿಫೋನಿನವರ ಮಗ ಅನಂತ ಕಚ್ಚುವ ಹುಡುಗ; ಅವನನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದರೆ ಗೋಡೆಯ ಸುಣ್ಣ ಕೆರೆದು ತಿಂದ. ನಾನು ಕಿಟಕಿಯ ಸಂದಿಗೆ ಮುಖವಿಟ್ಟು ಉಸಿರಾಡುತ್ತಿದ್ದೆ. ಕೆಳಗಿನ ಖೋಲಿಗಳಿಗೆ ನೀರು ನುಗ್ಗಿ, ಅಲ್ಲಿಯವರು ಟ್ರಂಕು, ಹಾಸಿಗೆ, ದೇವರ ಪಟ ಹೊತ್ತುಕೊಂಡು ಗ್ಯಾಲರಿಗೆ ಬಂದು ಕೂತಿದ್ದರು. ಲೋಕಲ್ ನಿಂತಿದೆ, ಟ್ರಾಮ್ ನಿಂತಿದೆ ಎಂದು ಅವರಲ್ಲಿ ಯಾರೋ ಹೇಳುತ್ತಿದ್ದರು. ಆ ವರ್ಷ ತುದಿಗಾಲಲ್ಲಿ ನಿಂತರೆ ಅಗಳಿ ನನಗೆ ಎಟುಕುತ್ತಿತ್ತು. ತೆರೆದು ಹೊರಟರೆ ಹೋಗುವುದೆಲ್ಲಿಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಗಂಜಿ ಉಣ್ಣಿಸುವಾಗ ಅಮ್ಮನ ಕೈ ಕಮಲಿಯ ಹಣೆಗೆ ತಾಗಿತು. ಅವಳು ಚಮಚ ಕೆಳಗಿಟ್ಟು ಮಗುವಿನ ಹೊಟ್ಟೆ, ಅಂಗಾಲು ಮುಟ್ಟಿ ನೋಡಿದಳು. ಇದು ಈಗ ಬಂದ ಜ್ವರ ಅಲ್ಲ, ನಿನ್ನೆಯದ್ದು, ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮಗುವನ್ನು ಉಳಿದವರಿಂದ ದೂರ, ಹಾಸಿಗೆಯ ಸುರುಳಿಯ ಹಿಂದೆ ಮಲಗಿಸಿ ಒದ್ದೆ ಬಟ್ಟೆ ಇಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ನಾನು ತಲೆ ತಗ್ಗಿಸಿ ಬಟ್ಟಲು ತೊಳೆಯುತ್ತಿದ್ದೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ.

ನಾಲ್ಕು ಗಂಟೆಯಿಂದ ತಾಯಂದಿರು, ಕೆಲವರ ಗಂಡಂದಿರು ತೊಯ್ದು ತೊಪ್ಪೆಯಾಗಿ ಬರತೊಡಗಿದರು. ಹೆಚ್ಚಿನವರು ಅದೇ ಚಾಳಿನವರು ಅಥವಾ ಎತ್ತರದ ಪಕ್ಕದ ರಸ್ತೆಯವರು. ಹಲಗೆಯ ಆಚೆ ನಿಂತು ಬಿಲ್ಲೆ ಚಾಚುವರು, ಅಮ್ಮ ಅದನ್ನು ಮಗುವಿನ ಬೆನ್ನಿನ ಬಿಲ್ಲೆಗೆ ತಾಳೆ ನೋಡಿ ಮಗುವನ್ನು ಹಲಗೆಯ ಮೇಲಿಂದ ದಾಟಿಸುವಳು. ಒಂದೊಂದು ಮಗು ಹೋದಂತೆ ಕೋಣೆ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು. ಕೊನೆಗೆ ಕಮಲಿ ಒಬ್ಬಳೇ ಉಳಿದಳು. ಅವರ ಖೋಲಿ ಧಾರಾವಿಯ ಕಡೆ, ರೈಲು ಹಳಿಯ ಆಚೆಯ ತಗ್ಗಿನಲ್ಲಿತ್ತು.

ಬೆಳಕು ಕಂದುವ ಹೊತ್ತಿಗೆ ಬಂದವನು ಅವಳ ಅಪ್ಪ, ಮಹಾದೇವಪ್ಪ. ದಾದರಿನ ಒಂದು ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಉದ್ದಕ್ಕೆ ತೆಳ್ಳಗಿದ್ದ. ಧೋತರವನ್ನು ತೊಡೆಯವರೆಗೆ ಎತ್ತಿ ಕಟ್ಟಿದ್ದ, ಅಂಗಿ ಎದೆಯವರೆಗೆ ಕೆಸರಾಗಿತ್ತು. ಅಂದರೆ ನೀರು ಎದೆಯವರೆಗೆ ಇದ್ದದ್ದೇ ನಿಜವಿರಬೇಕು, ಅಥವಾ ಎಲ್ಲೋ ಎಡವಿ ಬಿದ್ದಿರಬೇಕು. ಹಲಗೆಯ ಆಚೆ ನಿಂತು ಮೊದಲು ಮುಖ ಒರೆಸಿಕೊಂಡ.

"ಅಕ್ಕಾರ, ನಾ ಕಮಲಿ ಅಪ್ಪರೀ. ಕೂಸಿನ್ನ ಕರಕೊಂಡು ಹೋಗಾಕ ಬಂದೇನಿ."

"ಬಿಲ್ಲೆ?"

"ಬಿಲ್ಲೆ ಇವತ್ತ ಕೊಟ್ಟೇ ಇಲ್ಲಂತರಿ. ದವಾಖಾನಿಗೆ ಹೋಗಿ ಆಕೀನ್ನ ಕೇಳೇ ಬಂದೇನಿ. ಆಕೀಗೆ ರಾತ್ರಿ ಪಾಳಿನೂ ಹಾಕ್ಯಾರ, ಬರಾಕ ಆಗೂದಿಲ್ಲ. ಔಷಧ ಮನ್ಯಾಗೈತಿ, ಕೂಸಿಗೆ ಜ್ವರ."

"ಜ್ವರ ಉಂಟು ಅಂತ ನನಗೆ ಗೊತ್ತಾದದ್ದು ಮಧ್ಯಾಹ್ನ. ಬೆಳಗ್ಗೆ ಹೇಳ್ಲಿಲ್ಲ ನಿಮ್ಮವಳು."

ಗ್ಯಾಲರಿಯಲ್ಲಿ ಟ್ರಂಕುಗಳ ಮೇಲೆ ಕೂತಿದ್ದವರೆಲ್ಲ ಇತ್ತ ತಿರುಗಿದ್ದರು. ಅಮ್ಮ ಸ್ವಲ್ಪ ಮೆತ್ತಗಾಗಿ, ಮಗು ಇಲ್ಲೇ ಇರಲಿ, ನೀವೂ ಗ್ಯಾಲರಿಯಲ್ಲಿ ಇದ್ದುಬಿಡಿ, ಗಂಜಿ ಇದೆ, ಬೆಳಗ್ಗೆ ನೀರಿಳಿದ ಮೇಲೆ ನೋಡುವ ಎಂದಳು. ಅವನು ಒಪ್ಪಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತೇನೆ, ನಮ್ಮದು ಮಾಳಿಗೆಯ ಮೇಲಿನ ಖೋಲಿ, ಅಲ್ಲಿಗೆ ನೀರು ಬರುವುದಿಲ್ಲ ಎಂದ. ಒಳಗಿಂದ ಕಮಲಿ ಅವನ ದನಿ ಕೇಳಿ ಅಳತೊಡಗಿದಳು. ಪಕ್ಕದ ಖೋಲಿಯ ಕುಸುಮ್‌ತಾಯಿ ತಡೆಯಲಾರದೆ, "ಅಹೋ, ಬಾಪಚ್ ಆಹೆ ತೊ, ದ್ಯಾ ನಾ" ಎಂದಳು. ಅಪ್ಪನೇ ಅಲ್ಲವೇ, ಕೊಟ್ಟುಬಿಡಿ ಎಂದು.

"ಬಿಲ್ಲೆ ಇಲ್ಲದೆ ಕೊಡ್ಲಿಕ್ಕಿಲ್ಲ" ಎಂದಳು ಅಮ್ಮ. "ಇವತ್ತು ಬಿಲ್ಲೆ ಕೊಟ್ಟದ್ದು ನನ್ನ ಮಗಳು. ಅವಳು ಮರೆಯುವವಳಲ್ಲ."

ನಾನು ಅಮ್ಮನ ಬೆನ್ನ ಹಿಂದೆ, ಹಾಸಿಗೆಯ ಸುರುಳಿಗೆ ಒರಗಿ ನಿಂತಿದ್ದೆ. ಜೇಬಿನಿಂದ ಬಿಲ್ಲೆ ನನ್ನ ಮುಷ್ಟಿಗೆ ಯಾವಾಗ ಬಂದಿತ್ತೋ ತಿಳಿಯದು. ಅದರ ತೂತಿನ ಅಂಚು ಅಂಗೈಗೆ ಒತ್ತುತ್ತಿತ್ತು. ಕೈ ಚಾಚಿದ್ದರೆ ಮುಗಿಯುತ್ತಿತ್ತು. ಆದರೆ ಬಿಲ್ಲೆ ಹೊರಬಂದರೆ ಅದರ ಹಿಂದೆಯೇ ಮೆಟ್ಟಿಲಿನ ಮಾತೂ ಬರುತ್ತಿತ್ತು, ಜ್ವರ ಗೊತ್ತಿದ್ದೂ ಸುಮ್ಮನಿದ್ದದ್ದೂ ಬರುತ್ತಿತ್ತು. ಮಗುವನ್ನು ನೀರಿಗೆ ಒಯ್ಯಬಾರದು ಎಂಬ ಯೋಚನೆ ನನಗೆ ಬಂದಿತ್ತೇ? ಡೈರಿಯ ಒಂದು ಕಡೆ ಬಂದಿತ್ತು ಎಂದು ಬರೆದುಕೊಂಡಿದ್ದೇನೆ. ಅದು ಸುಳ್ಳು. ನನಗೆ ಬಂದದ್ದು ಅಮ್ಮನ ಹೊಡೆತದ ಯೋಚನೆ.

ಮಹಾದೇವಪ್ಪ ಗ್ಯಾಲರಿಯಲ್ಲಿದ್ದ ಅಷ್ಟೂ ಜನರನ್ನು ಒಂದು ಸಲ ನೋಡಿದ. ಆಮೇಲೆ ಅಮ್ಮನನ್ನು.

"ನನ್ನ ಕೂಸಿಗೆ ನಾನ ಕಳ್ಳ ಆದ್ನೇನ್ರಿ?"

ಮೊಣಕಾಲೆತ್ತರದ ಹಲಗೆ ಅದು. ಅವನಂಥ ಗಂಡಸಿಗೆ ದಾಟಲು ಒಂದು ಹೆಜ್ಜೆ ಸಾಕಿತ್ತು, ಅಮ್ಮನನ್ನು ಸರಿಸಲು ಒಂದು ಕೈ ಸಾಕಿತ್ತು. ಅವನು ದಾಟಲಿಲ್ಲ. ದಾಟಿದ್ದರೆ ಅವನ ಆ ಮಾತು ನಿಜವಾಗುತ್ತಿತ್ತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

"ಆತು. ಬಿಲ್ಲೆ ತರತೀನಿ" ಎಂದು ಮೆಟ್ಟಿಲಿಳಿದ.

ಅವನು ಇಳಿದ ಮೇಲೆ ನೀರಿನಲ್ಲಿ ಕಾಲೆಳೆಯುವ ಶಬ್ದ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಮಳೆ ಮಾತ್ರ. ಗ್ಯಾಲರಿಯಲ್ಲಿ ಯಾರೋ, ಗಲ್ಲಿಯ ತುದಿಯಲ್ಲಿ ಗಟಾರದ ಮುಚ್ಚಳ ತೆಗೆದಿಟ್ಟಿದ್ದಾರಂತೆ, ನೀರಿನಡಿ ಕಾಣುವುದಿಲ್ಲ, ಎಂದು ಮರಾಠಿಯಲ್ಲಿ ಹೇಳಿದರು. ಅಮ್ಮ ಅದನ್ನು ಕೇಳಿ ಎದ್ದು ಕಂಬಿಯವರೆಗೆ ಹೋಗಿ, ಇರಿಚಲಲ್ಲಿ ನಿಂತು, ಎರಡು ಸಲ ಅವನನ್ನು ಕೂಗಿದಳು. ಹೆಸರು ಹಿಡಿದು ಕೂಗಲು ಸಂಕೋಚವಾಗಿ "ಕಮಲಿಯ ಅಪ್ಪಾ" ಎಂದು ಕೂಗಿದಳು. ಉತ್ತರ ಬರಲಿಲ್ಲ. ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಬಿಲ್ಲೆ ತರಲು ಅವನು ಎಲ್ಲಿಗೆ ಹೋಗುತ್ತಾನೆ? ಆ ಬಿಲ್ಲೆ ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ. ಅವನು ಗಟಾರಕ್ಕೆ ಬಿದ್ದರೆ ನನ್ನಿಂದ ಬಿದ್ದ ಹಾಗೆ, ಮಗುವಿಗೆ ಜ್ವರ ಏರಿದರೆ ನನ್ನಿಂದ ಏರಿದ ಹಾಗೆ. ಏಳು ಮಕ್ಕಳಿದ್ದಾಗ ಕೂಡ ಆ ಕೋಣೆ ಅಷ್ಟು ಇಕ್ಕಟ್ಟಾಗಿ ಕಂಡಿರಲಿಲ್ಲ. ಆಮೇಲಿನದು ನೆನಪಿಲ್ಲ. ನಿದ್ದೆ ಹೋಗಿರಬೇಕು. ನಿದ್ದೆ ಹೋದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಬೆಳಗ್ಗೆ ಎದ್ದಾಗ ಮಳೆ ನಿಂತಿತ್ತು. ಕಮಲಿಯ ಮೈ ಬೆವರಿ ತಣ್ಣಗಾಗಿತ್ತು, ಅಮ್ಮನ ಕಣ್ಣುಗಳು ಮಾತ್ರ ಕೆಂಪಾಗಿದ್ದವು. ಯಾರೂ ಹೇಳದಿದ್ದರೂ ನಾನು ಕೆಳಗಿಳಿದೆ. ಕೆಂಪು ಗೆರೆ ಮತ್ತೆ ಕಾಣುತ್ತಿತ್ತು, ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಕೆಸರಿನ ಇನ್ನೊಂದು ಗೆರೆ. ಸ್ವಲ್ಪ ಹೊತ್ತಿಗೆ ಶಿವಲೀಲಾಬಾಯಿ ನರ್ಸಿನ ಬಿಳಿ ಸೀರೆಯಲ್ಲೇ ಓಡುತ್ತಾ ಬಂದಳು. ಅವಳ ಮೊದಲ ಮಾತು, ಕಮಲಿ ಹೇಗಿದ್ದಾಳೆ. ಎರಡನೆಯದು, ಇವರೆಲ್ಲಿ?

ಬಿಲ್ಲೆ ತರುತ್ತೇನೆಂದು ಹೋದವನು ಮತ್ತೆ ದವಾಖಾನೆಗೆ ಹೋಗಿರಲೇ ಇಲ್ಲ. ಅಮ್ಮ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು, ತನ್ನ ಪರವಾಗಿ ಒಂದನ್ನೂ ಸೇರಿಸದೆ. ಶಿವಲೀಲಾಬಾಯಿ ಮಗುವನ್ನು ಎತ್ತಿಕೊಂಡು ಗೋಡೆಗೊರಗಿ ಕೂತಳು. ಅಮ್ಮ ಅವಳನ್ನು ಬಿಲ್ಲೆ ಕೇಳಲಿಲ್ಲ. ಅವಳು ಅಮ್ಮನನ್ನು ಬೈಯಲಿಲ್ಲ. ಜ್ವರ ಮುಚ್ಚಿಟ್ಟದ್ದು ಅವಳ ಬಾಯಿಯನ್ನೂ ಕಟ್ಟಿತ್ತು. ನನ್ನ ಕಡೆ ಒಮ್ಮೆ ನೋಡಿದಳು. ಬಿಲ್ಲೆ ಕೊಟ್ಟಿರಲಿಲ್ಲ ಎಂಬುದು ಅವಳಿಗೂ ನನಗೂ ಗೊತ್ತಿತ್ತು, ಜ್ವರದ ಮಾತು ಹೇಳಬೇಡ ಎಂದವಳೂ ಹೇಳದೆ ಉಳಿದವಳೂ ಒಂದೇ ಹಗ್ಗದಲ್ಲಿದ್ದೆವು. ಹಾಗೆ ಮೂವರು ಹೆಂಗಸರು, ನನ್ನನ್ನೂ ಎಣಿಸಿದರೆ, ಒಬ್ಬೊಬ್ಬರು ಒಂದೊಂದು ತಪ್ಪನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲಿನ ಶಬ್ದಕ್ಕೆ ಕಿವಿಗೊಟ್ಟು ಕೂತೆವು. ಅಮ್ಮ ಮಾಡಿದ ಕಾಫಿ ಮೂರು ಲೋಟದಲ್ಲೂ ಕೆನೆಗಟ್ಟಿತು.

ಮಹಾದೇವಪ್ಪ ಬಂದದ್ದು ಬಿಸಿಲೇರಿದ ಮೇಲೆ. ಮೆಟ್ಟಿಲನ್ನು ಒಂದೇ ಕಾಲಿನ ಮೇಲೆ ಭಾರ ಹಾಕಿ ಹತ್ತುತ್ತಿದ್ದಾನೆ ಎಂಬುದು ಶಬ್ದದಲ್ಲೇ ತಿಳಿಯುತ್ತಿತ್ತು. ಎಡಗಾಲಿಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತ ಕಪ್ಪಾಗಿತ್ತು. ನೀರಿನಡಿಯಲ್ಲಿದ್ದ ತಗಡು ಪಾದವನ್ನು ಸೀಳಿತ್ತು. ಆ ಬಟ್ಟೆಯ ಗುರುತು ನನಗೆ ಸಿಕ್ಕಿತು, ಅಪ್ಪನ ಪಂಚೆಯ ಅಂಚು. ನೀರಿನಿಂದಾಗಿ ರಾತ್ರಿ ಹೋಟೆಲಿನಲ್ಲೇ ಉಳಿದಿದ್ದ ಅಪ್ಪ ನಡೆದದ್ದನ್ನು ಆಮೇಲೆ ಹೇಳಿದ. ಎಲ್ಲೆಲ್ಲೋ ಸಿಕ್ಕಿಬಿದ್ದು, ಬಿಲ್ಲೆಗಳು ಅಲ್ಲಿಯವೆಂದು ಕೇಳಿ ಗೊತ್ತಿದ್ದರಿಂದ ಬೆಳಗ್ಗೆ ಹೋಟೆಲಿಗೆ ಬಂದವನು ಗಲ್ಲೆಯ ಮುಂದೆ ನಿಂತು ಒಂದು ಬಿಲ್ಲೆ ಕೊಡಿ ಎಂದನಂತೆ. ಅಪ್ಪನಿಗೆ ಅವನು ಯಾರೆಂದು ಗೊತ್ತಿಲ್ಲ. ಹಸಿದವನೆಂದುಕೊಂಡು, ಬಿಲ್ಲೆ ಎಂತದಕ್ಕೆ ಮಾರಾಯ, ಸುಮ್ಮನೆ ಕೂತು ತಿನ್ನು ಎಂದನಂತೆ. ತಿನ್ನಲು ಬೇಡ, ಬಿಲ್ಲೆ ಬೇಕು, ಎಂದನಂತೆ ಇವನು. ಗಲ್ಲೆಯ ಮೂಲೆಯಲ್ಲಿ ಹಳೆಯದೊಂದು ಉಳಿದಿತ್ತು. ಅಪ್ಪ ಅವನ ಕಾಲು ಕಟ್ಟಿ ಅದನ್ನು ಕೊಟ್ಟ.

ಅವನು ಹಲಗೆಯ ಆಚೆ ನಿಂತ. ಹೆಂಡತಿಯ ಮಡಿಲಲ್ಲಿ ಮಗು ಇರುವುದು ಅವನಿಗೆ ಕಂಡಿತು. ಶಿವಲೀಲಾಬಾಯಿ ಏಳಲು ಹೋದಳು. ಅವನು ಬೇಡವೆಂದು ಕೈ ತೋರಿಸಿದ. ಅಮ್ಮನ ಮುಂದೆ ಬಿಲ್ಲೆ ಚಾಚಿದ.

"ತಗೋರಿ. ಈಗ ಕೊಡ್ರಿ ನನ್ನ ಕೂಸಿನ್ನ."

ನಾನಿದ್ದ ಜಾಗದಿಂದ ನಂಬರು ಕಾಣುತ್ತಿತ್ತು. ನಲವತ್ತೊಂದು. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಂಬರು ನೋಡಲಿಲ್ಲ. ಶಿವಲೀಲಾಬಾಯಿಯ ಮಡಿಲಿಂದ ಕಮಲಿಯನ್ನು ಎತ್ತಿ, ಅವಳ ಬೆನ್ನಿನ ಗಂಟು ಬಿಚ್ಚಿ ಏಳನೇ ನಂಬರನ್ನು ತೆಗೆದಿಟ್ಟು, ಮಗುವನ್ನು ಹಲಗೆಯ ಮೇಲಿಂದ ಅವನ ಕೈಗೆ ದಾಟಿಸಿದಳು. ಅವರು ಮೂವರೂ ಇಳಿದು ಹೋದರು. ಕಮಲಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಎರಡು ಮೂರು ವರ್ಷದ ಮೇಲೆ ಮಾಟುಂಗ ಸ್ಟೇಷನ್ನಿನ ಮೇಲುಸೇತುವೆಯಲ್ಲಿ ಅವನನ್ನು ಒಮ್ಮೆ ಕಂಡೆ. ಎಡಗಾಲು ಎಳೆಯುತ್ತಿದ್ದ. ಹಿಂದಿನವರು ಅವನನ್ನು ದಾಟಿಕೊಂಡು ಹೋಗುತ್ತಿದ್ದರು. ನಾನು ಕಂಬದ ಮರೆಗೆ ಸರಿದೆ.

ಊರವರ ಬಾಯಲ್ಲಿ ಇದು ಅಮ್ಮನ ಕತೆಯಾಯಿತು. ಹೊಳೆಯಂಥ ನೀರಿಗೆ ಜ್ವರದ ಕೂಸನ್ನು ಬಿಡದ ಗಟ್ಟಿಗಿತ್ತಿ. ಅಮ್ಮ ಇದನ್ನು ಯಾರು ಹೇಳಿದರೂ ಎದ್ದು ಒಳಗೆ ಹೋಗುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ಕೆಂಪು ಗೆರೆಯನ್ನು ಮೂರರಿಂದ ಎರಡನೇ ಮೆಟ್ಟಿಲಿಗೆ ಇಳಿಸಿದಳು. ಗೆರಸೆ ಕಟ್ಟುವ ದಿನಗಳು ಹೆಚ್ಚಾದವು, ಕೋಣೆ ನನಗೆ ಹೆಚ್ಚು ಹೆಚ್ಚು ದಿನ ಸಿಕ್ಕಿತು. ನಡುವೆ ಕೈಕಾಲು ಚಾಚಿ ಮಲಗುವ ಆಟ ಮಾತ್ರ ಯಾಕೋ ಸಾಗಲಿಲ್ಲ.

ಅಮ್ಮನ ಕೊನೆಯ ವರ್ಷಗಳು ಭಾಂಡುಪಿನ ನನ್ನ ಮನೆಯಲ್ಲಿ ಕಳೆದವು. ಒಂದು ಮಧ್ಯಾಹ್ನ ರವಿಕೆಗೆ ಗುಂಡಿ ಹಚ್ಚುತ್ತಾ ಕೂತಿದ್ದವಳು, ಟ್ರಂಕಿನಿಂದ ಗುಂಡಿಯ ಡಬ್ಬಿ ತೆಗೆದುಕೊಡು ಎಂದಳು. ನಾನು ಅದನ್ನು ಹಾಸಿಗೆಯ ಮೇಲೆ ಬೋರಲು ಹಾಕಿದೆ. ಗುಂಡಿಗಳ ನಡುವೆ ಹಿತ್ತಾಳೆ ಹೊಳೆಯಿತು. ಬಿಡಿಯಾಗಿ ಒಂದು ನಲವತ್ತೊಂದು. ಅದರ ಪಕ್ಕದಲ್ಲಿ ಒಂದೇ ದಾರದಲ್ಲಿ ಕಟ್ಟಿದ ಎರಡು ಏಳು. ತುದಿಯನ್ನು ಒಳಕ್ಕೆ ತುರುಕಿದ ಆ ಗಂಟು ಅಮ್ಮನದೇ. ನನ್ನ ಮುಷ್ಟಿಯಲ್ಲಿದ್ದ ಬಿಲ್ಲೆಯನ್ನು ಆ ಬೆಳಗ್ಗೆ ನಾನು ಎಲ್ಲಿಟ್ಟೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಮೋರಿಗೆ ಎಸೆದೆ ಎಂದೂ ಒಂದು ಕಡೆ ಬರೆದುಕೊಂಡಿದ್ದೆ.

"ಇದು ನಿನಗೆ ಎಲ್ಲಿ ಸಿಕ್ಕಿತು?"

"ನಿನ್ನ ಫ್ರಾಕಿನ ಜೇಬಲ್ಲಿ. ಒಗೆಯುವಾಗ."

"ಆಗಲಾ ಗೊತ್ತಾದದ್ದು ನಿನಗೆ?"

ಅಮ್ಮ ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿತು. "ಅದಕ್ಕೆ ಮುಂಚೆಯೇ. ಮಗು ಅತ್ತಾಗ ತಿರುಗಿ ನೋಡಿದ್ದೆ, ಹಾಸಿಗೆಗೆ ಒರಗಿ ಮುಷ್ಟಿ ಬಿಗಿದುಕೊಂಡು ನಿಂತಿದ್ದೆಯಲ್ಲ. ಕುರುಡಿಗೂ ಕಾಣ್ತಿತ್ತು."

"ಅವನ ಎದುರೇ ಯಾಕೆ ನನ್ನನ್ನು ಕೇಳಲಿಲ್ಲ ಅಮ್ಮ?"

"ಕೇಳಿದ್ರೆ ಮಗುವನ್ನು ಕೊಡ್ಬೇಕಾಗ್ತಿತ್ತಲ್ಲ."

ಹಾಗಾದರೆ ಅವಳು ಕೇಳಿರಲಿಲ್ಲ. ನನ್ನ ಎರಡು ಬರಹಗಳಲ್ಲಿ ಒಂದು ಅಲ್ಲಿಗೆ ಸುಳ್ಳಾಯಿತು, ಅಥವಾ ಮಗಳನ್ನು ಸಮಾಧಾನ ಮಾಡಲು ಆ ಮುದುಕಿ ಆಗ ಕಟ್ಟಿದ ಮಾತೋ ಅದು. ಇಷ್ಟು ವರ್ಷ ನಾನೊಬ್ಬಳೇ ಒಳಗೆ ಸಿಕ್ಕಿಕೊಂಡಿದ್ದೇನೆ ಎಂದುಕೊಂಡಿದ್ದ ಕೋಣೆಯಲ್ಲಿ ಇನ್ನೊಬ್ಬಳೂ ಇದ್ದಳು. ಅಗಳಿ ಅವಳಿಗೆ ನನಗಿಂತ ಸುಲಭವಾಗಿ ಎಟುಕುತ್ತಿತ್ತು. ಆದರೆ ಕೇಳಬೇಕಾದ ಮಾತು ಇನ್ನೂ ಒಂದಿತ್ತು, ಕೇಳಿದೆ.

"ಅವನು ವಾಪಸು ಬಾರದೆ ಇದ್ದಿದ್ದರೆ?"

ಅಮ್ಮ ಸೂಜಿಯನ್ನು ರವಿಕೆಗೆ ಚುಚ್ಚಿ ಬದಿಗಿಟ್ಟಳು. ನನ್ನ ಅಂಗೈಯಿಂದ ನಲವತ್ತೊಂದನ್ನು ತೆಗೆದುಕೊಂಡಳು. ಸೆರಗಿನಿಂದ ಅದರ ಎರಡೂ ಬದಿ ಒರೆಸಿ, ಡಬ್ಬಿಯ ತಳಕ್ಕೆ 'ಟಣ್' ಎಂದು ಹಾಕಿ, ಅದರ ಮೇಲೆ ಗುಂಡಿಗಳನ್ನು ಒಂದೊಂದು ಹಿಡಿಯಾಗಿ ತುಂಬತೊಡಗಿದಳು.